ಮೇಲಿನಿಂದ ಕಾಣದ ಎತ್ತರ

ಕಳೆದ ಡಿಸೆಂಬರಿನಲ್ಲಿ ನನ್ನಿಂದ ಒಂದು ತಪ್ಪಾಯಿತು. ಮಂಗಳೂರಿನಲ್ಲಿ ಮನೆಗಳ ನಕ್ಷೆ ಬಿಡಿಸುವ ಕೆಲಸಕ್ಕೆ ಕೂತು ಇಪ್ಪತ್ತಮೂರು ವರ್ಷವಾದ ಮೇಲೆ ಆದ ತಪ್ಪಾದ್ದರಿಂದ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ. ದುಬೈಯಲ್ಲಿ ಕೆಲಸದಲ್ಲಿರುವ ಒಬ್ಬರು ಸುರತ್ಕಲ್ಲಿನಿಂದ ತುಸು ಒಳಗೆ ಮೂವತ್ತೆರಡು ಸೆಂಟ್ಸ್ ಜಾಗ ತೆಗೆದುಕೊಂಡಿದ್ದರು. ಅದರ ಉಪಗ್ರಹ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಮನೆಯನ್ನು ಎಲ್ಲಿ ಕೂರಿಸಬಹುದೆಂದು ಒಂದು ಅಂದಾಜು ನಕ್ಷೆ ಕೇಳಿದರು. ಚಿತ್ರದಲ್ಲಿ ಜಾಗದ ಪಡುಮೂಲೆಗೆ ಕೆಂಪಗಿನ, ಅಂಚು ಹಿಡಿದು ಕೊಯ್ದಂತಿದ್ದ ಚೌಕಾಕಾರದ ದಿಣ್ಣೆಯೊಂದು ಎದ್ದು ಕಾಣುತ್ತಿತ್ತು. ಮನೆಗೆ ಇದಕ್ಕಿಂತ ಒಳ್ಳೆಯ ಅಡಿಪಾಯ ಬೇರೆ ಸಿಗದು ಎಂದುಕೊಂಡು, ಸಮುದ್ರದ ಗಾಳಿ ಬರಲೆಂದು ಜಗಲಿಯನ್ನು ಪಡುವಣಕ್ಕೆ ತಿರುಗಿಸಿ, ದಿಣ್ಣೆಯ ಮೇಲೆಯೇ ಮನೆಯನ್ನು ಕೂರಿಸಿ ಕಳುಹಿಸಿಬಿಟ್ಟೆ. ಅವರಿಗೂ ಅದು ಹಿಡಿಸಿತು.

ವಾರದ ಬಳಿಕ ಮೇಸ್ತ್ರಿಯೊಂದಿಗೆ ಜಾಗಕ್ಕೆ ಹೋದಾಗ ದಿಣ್ಣೆ ಎಲ್ಲೂ ಇರಲಿಲ್ಲ. ಅದು ಇರಬೇಕಾದಲ್ಲಿ ಕೆಂಪುಕಲ್ಲು ಕಡಿದು ತೆಗೆದ ಹಳೆಯ ಕೋರೆ ಬಾಯಿ ತೆರೆದುಕೊಂಡಿತ್ತು. ಗೋಡೆಗಳ ಮೇಲೆ ಯಂತ್ರದ ಗರಗಸದ ಗೆರೆಗಳು ಸಾಲಾಗಿ ಉಳಿದಿದ್ದವು, ತಳದಲ್ಲಿ ಹಸಿರುಗಟ್ಟಿದ ನೀರಿತ್ತು. ನಾನು ಕೈಯಲ್ಲಿ ಹಿಡಿದಿದ್ದ ಹಾಳೆಯನ್ನೂ ಹೊಂಡವನ್ನೂ ಎರಡೆರಡು ಸಲ ನೋಡಿದ ಮೇಸ್ತ್ರಿ, "ಇದು ದಿಣ್ಣೆ ಅಲ್ಲ ಮಾರಾಯ್ರೆ, ಕಲ್ಲು ತೆಗೆದ ಹೊಂಡ. ನೀವು ಮನೆಯನ್ನು ಬಾವಿಯೊಳಗೆ ಕಟ್ಟಲಿಕ್ಕೆ ಹೊರಟದ್ದಾ?" ಎಂದರು. ಅಲ್ಲಿದ್ದ ಇಬ್ಬರು ಕೆಲಸದವರು ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಆ ರಾತ್ರಿ ಚಿತ್ರವನ್ನು ಮತ್ತೆ ತೆರೆದೆ. ಕಣ್ಣಾರೆ ಹೊಂಡವನ್ನು ನೋಡಿ ಬಂದಿದ್ದರೂ ಚಿತ್ರದಲ್ಲಿ ಅದು ದಿಣ್ಣೆಯಾಗಿಯೇ ಕಾಣುತ್ತಿತ್ತು. ಫೋನಿನ ಪರದೆ ತಾನಾಗಿ ತಿರುಗದಂತೆ ಮಾಡಿ (ಇಲ್ಲದಿದ್ದರೆ ಚಿತ್ರವೂ ಜೊತೆಗೆ ತಿರುಗಿ ಉಪಯೋಗವಿಲ್ಲದಾಗುತ್ತದೆ) ಫೋನನ್ನು ತಲೆಕೆಳಗಾಗಿ ಹಿಡಿದೆ. ದಿಣ್ಣೆ ಕಣ್ಣೆದುರಿಗೇ ಕುಸಿದು ಹೊಂಡವಾಯಿತು. ಬೆಳಕು ಮೇಲಿನಿಂದ ಬೀಳುತ್ತದೆ ಎಂಬುದು ನಮ್ಮ ಕಣ್ಣಿಗೆ ಹುಟ್ಟಿನಿಂದ ಅಂಟಿಕೊಂಡ ನಂಬಿಕೆಯಂತಿದೆ. ಮೇಲಂಚು ಬೆಳಗಿ ಕೆಳಅಂಚು ಕಪ್ಪಾಗಿದ್ದರೆ ಅದು ಉಬ್ಬು, ಅದಕ್ಕೆ ವಿರುದ್ಧವಾಗಿದ್ದರೆ ತಗ್ಗು ಎಂದು ಅದು ಕೇಳದೆಯೇ ತೀರ್ಪು ಕೊಟ್ಟುಬಿಡುತ್ತದೆ. ಬೆಟ್ಟಗುಡ್ಡಗಳಿಗೆ ನೆರಳು ಹಚ್ಚುವ ನಕ್ಷೆಗಾರರು ಇದನ್ನು ತಿಳಿದೇ, ಬೆಳಕು ಹಾಳೆಯ ಎಡಮೇಲ್ಮೂಲೆಯಿಂದ, ಅಂದರೆ ವಾಯವ್ಯದಿಂದ ಬೀಳುತ್ತಿದೆಯೆಂದು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಸೂರ್ಯ ಎಂದೂ ಹಗಲು ಹತ್ತೂವರೆಗೆ ವಾಯವ್ಯದಲ್ಲಿ ನಿಲ್ಲುವುದಿಲ್ಲ; ಆದರೆ ಆ ಸುಳ್ಳಿನಿಂದ ಗುಡ್ಡ ಗುಡ್ಡವಾಗಿ ಉಳಿಯುತ್ತದೆ. ಉಪಗ್ರಹದ ಚಿತ್ರಕ್ಕೆ ಅಂಥ ಸುಳ್ಳು ಹೇಳಲು ಬರುವುದಿಲ್ಲ. ಉತ್ತರವನ್ನು ಮೇಲಕ್ಕೆ ಇಟ್ಟ ಚಿತ್ರದಲ್ಲಿ, ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ, ಬೆಳಕು ಹಾಳೆಯ ಕೆಳಗಿನಿಂದ ಬಂದಂತಾಗುತ್ತದೆ, ಎಲ್ಲವೂ ಮಗುಚಿಕೊಳ್ಳುತ್ತದೆ.

ಕರಾವಳಿಯವರಾದ ನಮಗೆ ಇದರಲ್ಲಿ ಇನ್ನೂ ಒಂದು ಪೇಚು ಇದೆ. ಏಪ್ರಿಲ್ ಕೊನೆಯ ವಾರದಲ್ಲಿ ಮಂಗಳೂರು, ಉಡುಪಿಗಳ ನೆತ್ತಿಗೆ ಬರುವ ಸೂರ್ಯ, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನಲ್ಲಿ ನಮ್ಮ ಉತ್ತರಕ್ಕೇ ಇರುತ್ತಾನೆ. ಚಿತ್ರದಲ್ಲಿ ಗುಡ್ಡ ಗುಡ್ಡವಾಗಿ ಕಾಣಬೇಕಾದ ತಿಂಗಳುಗಳು ಅವೇ. ಆದರೆ ಮೇ ಒಂದನ್ನು ಬಿಟ್ಟರೆ ಆ ತಿಂಗಳುಗಳಲ್ಲಿ ಆಕಾಶದಲ್ಲಿರುವ ಕ್ಯಾಮೆರಾಗಳಿಗೆ ಕಾಣುವುದು ಮೋಡದ ಬೆನ್ನು ಮಾತ್ರ. ಹಾಗಾಗಿ ನಮ್ಮ ಕೈಗೆ ಸಿಗುವ ಚಿತ್ರಗಳು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿನವರೆಗಿನವು: ಹುಲ್ಲು ಒಣಗಿದ ಪಾದೆಗಳು, ಕೊಯ್ಲು ಮುಗಿದ ಗದ್ದೆಗಳು, ಕಂದುಬಣ್ಣದ ಗುಡ್ಡೆಗಳು. ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲೇ ಬದುಕುವ ಊರಿಗೆ ಗೂಗಲ್ ನಕ್ಷೆಯಲ್ಲಿ ಮಳೆಗಾಲವೇ ಇಲ್ಲ.

ಇದಾದ ಮೇಲೆ ಕೆಲವು ತಿಂಗಳು ನಾನು ಮೇಲಿನಿಂದ ಕಂಡ ನೋಟಗಳ ಬಗ್ಗೆಯೇ ಯೋಚಿಸುತ್ತಿದ್ದೆ. ನನ್ನ ಉದ್ಯೋಗವೇ ಅದು ಎಂಬುದು ಒಂದು ಕಾರಣ. ಮನೆಯ ಪ್ಲಾನ್ ಎಂದರೆ ಮೇಲಿನಿಂದ ನೋಡಿದ ಚಿತ್ರವೆಂದು ಹೆಚ್ಚಿನವರು ತಿಳಿದಿದ್ದಾರೆ, ಆದರೆ ಮೇಲಿನಿಂದ ನೋಡಿದರೆ ಕಾಣುವುದು ಮಾಡು, ಅಂದರೆ ಛಾವಣಿ, ಒಂದೇ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಕಿಟಕಿಗಳು ತುಂಡಾಗುವಂತೆ ಇಡೀ ಮನೆಯನ್ನು ಅಡ್ಡಕ್ಕೆ ಕೊಯ್ದು, ಮೇಲಿನ ಭಾಗವನ್ನು ಎತ್ತಿ ಬದಿಗಿಟ್ಟು, ಉಳಿದದ್ದನ್ನು ನೆಟ್ಟಗೆ ಕೆಳಗೆ ನೋಡಿದರೆ ಏನು ಕಾಣಬಹುದೋ ಅದು ಪ್ಲಾನ್. ಅಂಥ ನೋಟ ಮನೆ ಕಟ್ಟಿಸಿದವರಿಗೂ ಕಟ್ಟಿದವರಿಗೂ ಎಂದೂ ಸಿಗುವುದಿಲ್ಲ. ಪ್ರತಿ ಮನೆಯೂ ಮೊದಲು ಹುಟ್ಟುವುದು ಯಾರೂ ನೋಡದ ಆ ನೋಟದಲ್ಲಿ. ಜಪಾನಿನ 12ನೆಯ ಶತಮಾನದ ಸುರುಳಿ ಚಿತ್ರಗಳಲ್ಲಿ ಕಲಾವಿದರು ಅರಮನೆಯ ಮಾಡನ್ನೂ ಮುಚ್ಚಿಗೆಯನ್ನೂ ಗಾಳಿಗೆ ಹಾರಿಹೋದಂತೆ ಬಿಟ್ಟುಬಿಟ್ಟು, ಒಳಗೆ ಪರದೆಗಳ ನಡುವೆ ಕುಳಿತ ಹೆಂಗಸರನ್ನು ಓರೆಯಾಗಿ ಮೇಲಿನಿಂದ ತೋರಿಸುತ್ತಾರೆ. ನಾವು ದಿನವೂ ಮಾಡುವ ಕೆಲಸವೇ ಅದು. ಅವರ ಕೈಯಲ್ಲಿ ಅದು ಕಥೆಯಾಯಿತು, ನಮ್ಮ ಕೈಯಲ್ಲಿ ಪರವಾನಗಿಗೆ ಸಲ್ಲಿಸುವ ಹಾಳೆಯಾಯಿತು.

ಮೇಲಿನಿಂದ ನಾನು ಬಿಡಿಸಿದ ಮೊದಲ ಚಿತ್ರ ಐದನೆಯ ತರಗತಿಯದ್ದು. ಕಾಪುವಿನ ಬಳಿಯ ನಮ್ಮೂರಿನ ದೇವಸ್ಥಾನದ ಕೆರೆಯನ್ನು ಚೌಕವಾಗಿ ಬರೆದು, ಒಳಗೆ ತಾವರೆ, ಮೀನು ಎಲ್ಲ ತುಂಬಿಸಿ, ನಾಲ್ಕು ದಂಡೆಯ ತೆಂಗಿನ ಮರಗಳನ್ನು ನಾಲ್ಕು ದಿಕ್ಕಿಗೆ ಹೊರಮುಖವಾಗಿ ಮಲಗಿಸಿದ್ದೆ. ಡ್ರಾಯಿಂಗ್ ಮಾಸ್ಟ್ರು ಹಾಳೆಯನ್ನು ಎತ್ತಿ ಹಿಡಿದು, "ಮರವೆಲ್ಲ ಬಿದ್ದಿದೆಯಲ್ಲ ಮಾರಾಯ, ಗಾಳಿ ಬಂತಾ?" ಎಂದು ತರಗತಿಯನ್ನೇ ನಗಿಸಿದರು. ರಾಜಸ್ಥಾನಿ, ಪಹಾಡಿ ಚಿಕಣಿ ಚಿತ್ರಗಳಲ್ಲಿ ಕೊಳವನ್ನು ನೇರ ಮೇಲಿನಿಂದಲೂ, ಕೊಳದ ದಂಡೆಯ ಮರಗಳನ್ನೂ ಮನುಷ್ಯರನ್ನೂ ಎದುರಿನಿಂದಲೂ ಒಂದೇ ಹಾಳೆಯಲ್ಲಿ ಬರೆದಿರುವುದನ್ನು ಬಹಳ ವರ್ಷಗಳ ಮೇಲೆ ನೋಡಿದಾಗ ನನಗೆ ಆದ ಸಮಾಧಾನ ಸಣ್ಣದಲ್ಲ. ಕೊಳಕ್ಕೆ ಮುಖ್ಯವಾದದ್ದು ಹರವು, ಮರಕ್ಕೆ ಮುಖ್ಯವಾದದ್ದು ಎತ್ತರ. ಎರಡಕ್ಕೂ ನ್ಯಾಯ ಸಲ್ಲಬೇಕಾದರೆ ನೋಡುವವನು ಒಂದೇ ಕಡೆ ನಿಂತರೆ ಆಗದು ಎಂಬ ತಿಳಿವಳಿಕೆ ಆ ಚಿತ್ರಕಾರರಿಗಿತ್ತು. ಜೈನರ ಶತ್ರುಂಜಯ ಪಟಗಳಲ್ಲಿಯೂ ಹೀಗೆಯೇ: ಬೆಟ್ಟ, ಬಸದಿಗಳು, ಹತ್ತುವ ದಾರಿ, ದಾರಿಯುದ್ದಕ್ಕೂ ಯಾತ್ರಿಕರು, ಎಲ್ಲವೂ ಒಂದು ದೊಡ್ಡ ಬಟ್ಟೆಯ ಮೇಲಿರುತ್ತವೆ. ಗುಜರಾತಿಗೆ ಹೋಗಿ ಬೆಟ್ಟ ಹತ್ತಲಾಗದವರು ಕಾರ್ತಿಕ ಹುಣ್ಣಿಮೆಯ ದಿನ ತಮ್ಮೂರಿನಲ್ಲಿಯೇ ಪಟದ ಮುಂದೆ ನಿಂತು ದರ್ಶನ ಪಡೆಯುತ್ತಾರೆ. ಆ ಪಟದಲ್ಲಿ ಬೆಟ್ಟ ಚಪ್ಪಟೆಯಾಗಿದ್ದಿದ್ದರೆ ಹತ್ತಿದ ಭಾವವೇ ಬರುತ್ತಿರಲಿಲ್ಲ.

ಯುರೋಪಿನಲ್ಲಿ ಈ ಎರಡು ಬಗೆಯ ನೋಟಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೇರೆಬೇರೆಯಾಗಿ ನಿಂತವು. ಯಾಕೊಪೊ ದೆ ಬಾರ್ಬರಿ ಎಂಬ ಕಲಾವಿದನ ವೆನಿಸ್ ನಗರದ ಚಿತ್ರ ಪ್ರಕಟವಾದದ್ದು 1500ರಲ್ಲಿ; ಲಿಯೊನಾರ್ಡೊ ಡ ವಿಂಚಿ ಇಮೊಲಾ ಎಂಬ ಪಟ್ಟಣದ ನಕ್ಷೆ ಬರೆದದ್ದು 1502ರಲ್ಲಿ. ಲಿಯೊನಾರ್ಡೊ ನೆಟ್ಟಗೆ ಕೆಳಗೆ ನೋಡಿದ. ಅವನ ಇಮೊಲಾದಲ್ಲಿ ಕಟ್ಟಡಗಳು ತಮ್ಮ ಅಡಿಪಾಯದ ಆಕಾರಗಳಷ್ಟೇ ಆಗಿವೆ, ಪಟ್ಟಣದ ಸುತ್ತ ಒಂದು ವೃತ್ತವಿದೆ, ನಡುವಿನಿಂದ ಗಾಳಿಯ ದಿಕ್ಕುಗಳ ಗೆರೆಗಳು ಹಾಯುತ್ತವೆ. ಇಂದಿನ ನಕ್ಷೆಯ ಪಕ್ಕದಲ್ಲಿಟ್ಟರೂ ಅದು ನಾಚಿಕೊಳ್ಳಬೇಕಾಗಿಲ್ಲ. ಬಾರ್ಬರಿ ಓರೆಯಾಗಿ ನೋಡಿದ. ಆರು ಮರದ ಅಚ್ಚುಗಳಿಂದ ಮುದ್ರಿಸಿ ಜೋಡಿಸಿದಾಗ ಹೆಚ್ಚುಕಡಿಮೆ ಒಂಬತ್ತು ಅಡಿ ಅಗಲವಾಗುವ ಆ ಚಿತ್ರದಲ್ಲಿ ಗಂಟೆಗೋಪುರಗಳು, ಹೊಗೆಕೊಳವೆಗಳು, ದೋಣಿಗಳು, ಮನೆಗಳ ಹಿಂದಿನ ಅಂಗಳಗಳು ಎಲ್ಲವೂ ಎದ್ದು ನಿಂತಿವೆ. ಅದನ್ನು ಪ್ರಕಟಿಸಿದ ಆಂಟನ್ ಕೋಲ್ಬ್ ಎಂಬ ವ್ಯಾಪಾರಿ, ಕೆಲಸಕ್ಕೆ ಮೂರು ವರ್ಷ ಹಿಡಿಯಿತೆಂದು ಹೇಳಿ ವೆನಿಸಿನ ಆಡಳಿತದಿಂದ ಮಾರಾಟದ ಹಕ್ಕು ಬೇಡಿದ.

ಬಾರ್ಬರಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುತ್ತ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ. ಮನುಷ್ಯ ಮೊದಲ ಬಾರಿ ಬಲೂನಿನಲ್ಲಿ ಹಾರಿದ್ದು 1783ರಲ್ಲಿ. ಬಾರ್ಬರಿ ವೆನಿಸನ್ನು ನೋಡಿದ ಎತ್ತರದಲ್ಲಿ ಅವನ ಕಾಲದಲ್ಲಿ ನಿಂತವರು ಯಾರೂ ಇಲ್ಲ. ಊರಿನ ಬೇರೆಬೇರೆ ಗಂಟೆಗೋಪುರಗಳನ್ನು ಹತ್ತಿ, ಒಂದೊಂದರಿಂದ ಕಂಡ ಮಾಡುಗಳನ್ನೂ ಕಾಲುವೆಗಳನ್ನೂ ಬರೆದುಕೊಂಡು, ಆ ತುಂಡುಗಳನ್ನೆಲ್ಲ ಒಂದು ಕಲ್ಪಿತ ಕಣ್ಣಿಗೆ ಹೊಂದಿಸಿದ ಕೆಲಸ ಅದೆಂದು ವಿದ್ವಾಂಸರು ಹೇಳುತ್ತಾರೆ. ಹಾಗೆ ಹೊಂದಿಸುವಾಗ ಕೆಲವು ಕಡೆ ಊರು ಹಿಗ್ಗಿದೆ, ಕೆಲವು ಕಡೆ ಕುಗ್ಗಿದೆ. ಅಳತೆಪಟ್ಟಿ ಹಿಡಿದರೆ ಲಿಯೊನಾರ್ಡೊವೇ ಸರಿ. ಆದರೆ ಗೊತ್ತಿಲ್ಲದ ಊರಿನಲ್ಲಿ ದಾರಿ ತಪ್ಪಿದರೆ ನಾನು ಜೊತೆಗೆ ಬಯಸುವುದು ಬಾರ್ಬರಿಯನ್ನು. ಕನ್ನಡದಲ್ಲಿ ಇಂಥದ್ದಕ್ಕೆ ಪಕ್ಷಿನೋಟ, ವಿಹಂಗಮ ನೋಟ ಎಂಬ ಒಳ್ಳೆಯ ಮಾತುಗಳಿವೆ; ನಮ್ಮ ಪತ್ರಿಕೆಗಳು 'ವಿಹಂಗಮ'ವನ್ನು ಸುಂದರ ಎಂಬರ್ಥಕ್ಕೆ ಸವೆಸಿಬಿಟ್ಟು, ಅದರೊಳಗಿದ್ದ ಹಕ್ಕಿ ಯಾವಾಗಲೋ ಹಾರಿಹೋಗಿದೆ.

ನೆಲದ ಮೇಲೆ ನಡೆದೇ ಮೇಲಿನ ನೋಟವನ್ನು ಕಟ್ಟಿದ ಇನ್ನೊಂದು ಸಾಹಸ ಮಂಗಳೂರಿಗೆ ನೇರವಾಗಿ ಸಂಬಂಧಿಸಿದ್ದು. ಬ್ರಿಟಿಷ್ ಸರ್ವೆಗಾರ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಆ ಒಂದು ಗೆರೆಯನ್ನು ಆಧಾರವಾಗಿಟ್ಟುಕೊಂಡು, ಗುಡ್ಡದಿಂದ ಗುಡ್ಡಕ್ಕೆ ಕೋನಗಳನ್ನು ನೋಡುತ್ತ, ತ್ರಿಕೋನದ ಪಕ್ಕಕ್ಕೆ ತ್ರಿಕೋನ ಹೆಣೆಯುತ್ತ ಬೆಂಗಳೂರನ್ನು ದಾಟಿ, ಘಟ್ಟ ಇಳಿದು ಅವನ ಅಳತೆ ಬಂದು ಮುಟ್ಟಿದ್ದು ಮಂಗಳೂರಿನ ಕಡಲತೀರವನ್ನು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಅಗಲವೆಂದು ಅಲ್ಲಿಯವರೆಗೆ ನಂಬಿದ್ದರು. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಬಂದದ್ದು 360. ನಕ್ಷೆಯಲ್ಲಿದ್ದ ನಲವತ್ತು ಮೈಲಿ ಭೂಮಿ ಒಂದು ಲೆಕ್ಕದಿಂದ ಇಲ್ಲವಾಯಿತು. ಕೋನಗಳನ್ನು ಅಳೆಯುವ ಅವನ ದೊಡ್ಡ ಥಿಯೊಡೊಲೈಟ್ ಉಪಕರಣ ಸುಮಾರು ಅರ್ಧ ಟನ್ ತೂಗುತ್ತಿತ್ತು. ಬಯಲುನಾಡಿನಲ್ಲಿ ಗುಡ್ಡಗಳಿಲ್ಲದ ಕಡೆ ಅದನ್ನು ದೇವಸ್ಥಾನಗಳ ಗೋಪುರಗಳಿಗೆ ಹಗ್ಗ ಕಟ್ಟಿ ಏರಿಸುತ್ತಿದ್ದರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಉಪಕರಣ ಗೋಡೆಗೆ ಬಡಿದು ಜಖಂ ಆಯಿತು; ಲ್ಯಾಂಬ್ಟನ್ ಒಂದು ಡೇರೆಯೊಳಗೆ ಕೂತು ವಾರಗಟ್ಟಲೆ ತಾನೇ ಅದನ್ನು ಬಡಿದು ತಿದ್ದಿ ಸರಿಪಡಿಸಿಕೊಂಡ.

ಆ ಸರಪಳಿಯ ಮೊಮ್ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಹಿಂದಿನ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಜಾಗದ ಜಗಳ ಬಂದಾಗೆಲ್ಲ ಹೊರಬರುವ, ಒಂದೊಂದು ತುಂಡು ಜಾಗದ ಗಡಿ, ಅಳತೆ ತೋರಿಸುವ ಎಫ್‌ಎಂಬಿ ನಕ್ಷೆಯನ್ನು ನೋಡಿದವರಿಗೆ ಇದು ಗೊತ್ತು. ಅಜ್ಜನ ಕಾಲದ ನಮ್ಮ ಜಾಗದ ಹಾಳೆ ನನ್ನ ಮೇಜಿನ ಗಾಜಿನ ಕೆಳಗಿದೆ. ಒಂದು ಸರ್ವೆ ನಂಬರು, ಸುತ್ತ ಗಡಿಕಲ್ಲುಗಳ ಸಣ್ಣ ಗುರುತುಗಳು, ನಡುವೆ ಓರೆಯಾಗಿ ಹಾಯುವ ಅಳತೆಯ ಗೆರೆ, ಅದರಿಂದ ಎಡಕ್ಕೂ ಬಲಕ್ಕೂ ಚಾಚಿದ ಕಡ್ಡಿಗಳು, ಕಡ್ಡಿಯ ತುದಿಯಲ್ಲಿ ಲಿಂಕಿನ ಲೆಕ್ಕದ ಅಂಕಿಗಳು. 66 ಅಡಿಯ ಸರಪಳಿಯಲ್ಲಿ ನೂರು ಲಿಂಕು. ಸಾವಿರ ಚದರ ಲಿಂಕು ಎಂದರೆ ಒಂದು ಸೆಂಟ್. ನಾವು ಇಂದಿಗೂ ಜಾಗವನ್ನು ಸೆಂಟ್ಸಿನಲ್ಲಿ ಮಾತಾಡುವಾಗ ಆ ಸರಪಳಿ ನಮ್ಮ ಬಾಯಲ್ಲಿ ಕಿಣಿಕಿಣಿ ಎನ್ನುತ್ತಲೇ ಇರುತ್ತದೆ. ಆದರೆ ಸರಪಳಿಯನ್ನು ಇಳಿಜಾರಿನಲ್ಲಿ ನೆಲಕ್ಕೆ ತಾಗಿಸಿ ಎಳೆಯುವುದಿಲ್ಲ. ಮಟ್ಟಸವಾಗಿ, ಅಡ್ಡಕ್ಕೆ ಹಿಡಿದು, ಮೆಟ್ಟಿಲು ಇಳಿದ ಹಾಗೆ ತುಂಡುತುಂಡಾಗಿ ಅಳೆಯುತ್ತಾರೆ. ಕಡಿದಾದ ಗುಡ್ಡೆಯನ್ನು ಕೊಂಡವನಿಗೆ ದಾಖಲೆಯಲ್ಲಿ ಸಿಗುವುದು ಅವನು ಹತ್ತಿ ಇಳಿಯುವ ಮೈಯಲ್ಲ, ನೆತ್ತಿಯ ಬಿಸಿಲಿಗೆ ಆ ಗುಡ್ಡೆ ಕೆಳಗೆ ಚೆಲ್ಲುವ ನೆರಳಿನ ಅಳತೆ. ಕಾನೂನೂ ನಮ್ಮನ್ನು ಮೇಲಿನಿಂದಲೇ ನೋಡುತ್ತದೆ.

ನಮ್ಮ ಹಿರಿಯರು ಹಾಗೆ ನೋಡಿದವರಲ್ಲ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಮಜಲು, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ್ದು ಬೆಟ್ಟು. ಒಂದು ಗದ್ದೆಯ ಹೆಸರು ಹೇಳಿದರೆ ಅದರ ಮಟ್ಟ, ನೀರು, ಬೆಳೆ ಮೂರೂ ತಿಳಿದುಹೋಗುತ್ತಿತ್ತು. ಉಡುಪಿಯಲ್ಲಿ ಕುಂಜಿಬೆಟ್ಟು, ಬೈಲೂರು, ಮಂಗಳೂರಿನಲ್ಲಿ ಬಾವುಟಗುಡ್ಡೆ: ಊರಿನ ಹೆಸರುಗಳೇ ಎತ್ತರದ ದಾಖಲೆಗಳು. ಇವತ್ತು ಫೋನಿನಲ್ಲಿ ಬೈಲನ್ನೂ ಬೆಟ್ಟನ್ನೂ ನೋಡಿದರೆ ಎರಡೂ ಪಕ್ಕಪಕ್ಕದ ಎರಡು ಹಸಿರು ತೇಪೆಗಳು. ಜುಲೈಯಲ್ಲಿ ನೀರು ಯಾವುದಕ್ಕೆ ನುಗ್ಗುತ್ತದೆ ಎಂಬುದು ಆ ತೇಪೆಗಳಲ್ಲಿ ಬರೆದಿಲ್ಲ. ಇದಕ್ಕೆ ನಕ್ಷೆಗಾರರು ಕಂಡುಕೊಂಡ ಮದ್ದು, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ಇಪ್ಪತ್ತು ಮೀಟರಿಗೊಂದು ಅಂಥ ಗೆರೆ ಬರುತ್ತದೆ. ಘಟ್ಟಕ್ಕೆ ಅದು ಸಾಕು. ಹದಿನಾಲ್ಕು ಅಡಿಯ ನನ್ನ ಹೊಂಡ ಎರಡು ಗೆರೆಗಳ ನಡುವೆ ಸುಖವಾಗಿ ನಿದ್ದೆ ಮಾಡಬಹುದು.

ಮೇಲಿನಿಂದ ನೋಡಬೇಕಾದ ಚಿತ್ರವನ್ನು ನೆಲಕ್ಕೆ ಬಾಗಿ ಬರೆಯುವ ಕಲೆ ನಮ್ಮಲ್ಲಿಯೇ ಇದೆ, ಅದನ್ನು ಕಲೆ ಎಂದು ಯಾರೂ ಕರೆಯುವುದಿಲ್ಲ. ನಾನು ಆರೇಳು ವರ್ಷದವನಿದ್ದಾಗ ತಾಯಿಯ ಕಡೆಯವರ ಮನೆಯಲ್ಲಿ ನಾಗಾರಾಧನೆಯ ನಾಗಮಂಡಲ ಆಯಿತು. ಚಪ್ಪರದ ಕೆಳಗೆ ಮಧ್ಯಾಹ್ನದಿಂದಲೇ ವೈದ್ಯರು (ಮದ್ದು ಕೊಡುವವರಲ್ಲ, ಈ ಆರಾಧನೆ ನಡೆಸುವವರು) ಮಂಡಲ ಬರೆಯಲು ತೊಡಗಿದ್ದರು. ಬಿಳಿಗೆ ಬಿಳಿಮಣ್ಣು, ಹಳದಿಗೆ ಅರಸಿನ, ಕೆಂಪಿಗೆ ಅರಸಿನ ಮತ್ತು ಸುಣ್ಣದ ಮಿಶ್ರಣ, ಹಸಿರಿಗೆ ಎಲೆಯ ಪುಡಿ, ಕಪ್ಪಿಗೆ ಹುರಿದು ಪುಡಿ ಮಾಡಿದ ಭತ್ತದ ಉಮಿ. ಕುಕ್ಕರಗಾಲಿನಲ್ಲಿ ಕುಳಿತು ಹಿಂದಕ್ಕೆ ಸರಿಯುತ್ತ, ಹೆಬ್ಬೆರಳು ತೋರುಬೆರಳುಗಳ ಸಂದಿನಿಂದ ಪುಡಿಯನ್ನು ಗೆರೆಯಾಗಿ ಬಿಡುತ್ತಿದ್ದವರ ಮುಖ ನೆಲದಿಂದ ಒಂದೂವರೆ ಅಡಿಯಷ್ಟೇ ಮೇಲಿತ್ತು. ಗಂಟಿನ ಮೇಲೆ ಗಂಟು ಹಾಕಿಕೊಂಡ ಹಾವಿನ ಮೈ ಚಪ್ಪರದ ಈ ತುದಿಯಿಂದ ಆ ತುದಿಗೆ ಹರಡುತ್ತಿತ್ತು. ಹದಿನಾರು ಪವಿತ್ರಗಳ, ಅಂದರೆ ಹದಿನಾರು ಗಂಟುಗಳ, ಪೂರ್ಣ ಮಂಡಲ ಅದು. ಅದನ್ನು ಪೂರ್ತಿಯಾಗಿ ನೋಡಲು ಜಾಗವೇ ಇರಲಿಲ್ಲ. ಸುತ್ತ ಕುಳಿತ ನೂರಾರು ಜನರಿಗೆ ತಮ್ಮ ಮುಂದಿನ ಒಂದು ಸುರುಳಿ, ಅದರಾಚೆಗೆ ಬಣ್ಣದ ಒಂದು ಪಟ್ಟಿ, ಅಷ್ಟೇ.

ನಾನು ಹಠ ಮಾಡಿದ್ದಕ್ಕೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡರು. ಅಲ್ಲಿಂದ ನನಗೆ ಕಂಡದ್ದು ಇನ್ನೂ ಮರೆತಿಲ್ಲ. ಹಾವಿನ ಮೈ ಒಂದು ಗಂಟಿನಲ್ಲಿ ಇನ್ನೊಂದರ ಕೆಳಗೆ ನುಸುಳಿ, ಮುಂದಿನ ಗಂಟಿನಲ್ಲಿ ಮೇಲೆ ಏರಿ, ಮತ್ತೆ ಕೆಳಗಿಳಿಯುತ್ತಿತ್ತು. ಎರಡು ಬಣ್ಣಗಳು ಕೂಡುವಲ್ಲಿ ಒಂದರ ಅಂಚನ್ನು ಕಪ್ಪಿನಿಂದ ತಡೆದು ಇನ್ನೊಂದನ್ನು ಹರಿಯಲು ಬಿಟ್ಟಿದ್ದರು. ಅಷ್ಟರಿಂದಲೇ ಚಪ್ಪಟೆ ನೆಲದ ಮೇಲಿನ ಪುಡಿಗೆ ಮೇಲು ಕೆಳಗು ಬಂದುಬಿಟ್ಟಿತ್ತು. ಮೇಲಿನ ನೋಟದಲ್ಲಿ ಎತ್ತರವನ್ನು ಉಳಿಸಿಕೊಳ್ಳುವುದು ಹೇಗೆಂದು ನನಗೆ ಮೊದಲು ತೋರಿಸಿದ್ದು ಆ ಹಾವು. ರಾತ್ರಿ ಡಕ್ಕೆಯ ಬಡಿತ ಶುರುವಾಗಿ, ನಾಗನ ಆವೇಶ ಬರುವ ಪಾತ್ರಿಗಳು ಹಿಂಗಾರವನ್ನು (ಅಡಿಕೆಯ ಹೂವನ್ನು) ಮುಖಕ್ಕೆ ಒತ್ತಿಕೊಂಡು ಮಂಡಲಕ್ಕೆ ಇಳಿದ ಮೇಲೆ ಗಂಟುಗಳೆಲ್ಲ ಕಲಸಿಹೋದವು. ಈಚೆಗೆ ಕೆಲವು ಕಡೆ ಚಪ್ಪರದ ತೊಲೆಗೆ ಕ್ಯಾಮೆರಾ ಕಟ್ಟಿ ಪರದೆಯಲ್ಲಿ ಇಡೀ ಮಂಡಲವನ್ನು ತೋರಿಸುತ್ತಾರೆ. ಜನ ಎದುರಿನ ಮಂಡಲ ಬಿಟ್ಟು ಪರದೆಯನ್ನೇ ನೋಡುತ್ತಿರುವುದನ್ನು ಕಂಡು ನನಗೆ ಮೊದಲು ಬೇಸರವಾಯಿತು. ಆಮೇಲೆ, ಅಪ್ಪನ ಹೆಗಲಿಲ್ಲದ ಮಕ್ಕಳೂ ಇರುತ್ತಾರಲ್ಲ ಎಂದು ಸುಮ್ಮನಾದೆ.

ಕ್ಯಾಮೆರಾ ಮೇಲಕ್ಕೆ ಹೋದ ಕಥೆಯನ್ನು ಬಹಳ ಮಂದಿ ಬರೆದಿದ್ದಾರಾದ್ದರಿಂದ ನಾನು ಬೇಗ ದಾಟುತ್ತೇನೆ. 1858ರಲ್ಲಿ ಪ್ಯಾರಿಸಿನ ನಾದಾರ್ ಬಲೂನಿನಿಂದ ಮೊದಲ ಛಾಯಾಚಿತ್ರ ತೆಗೆದ. ಬಲೂನಿನ ಬಾಯಿಂದ ಸೋರಿದ ಅನಿಲ ಚಿತ್ರ ಮೂಡಬೇಕಾದ ಅವನ ಹಸಿ ಗಾಜುಗಳನ್ನು ಕಪ್ಪಾಗಿಸಿ ಎಷ್ಟೋ ಸಲ ಬರಿಗೈಯಲ್ಲಿ ಇಳಿಸಿತ್ತು, ಕೊನೆಗೂ ದಕ್ಕಿದ ಚಿತ್ರಗಳು ಈಗ ಉಳಿದಿಲ್ಲ. ಉಳಿದವುಗಳಲ್ಲಿ ಹಳೆಯದು 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ತೆಗೆದ ಬಾಸ್ಟನ್ ನಗರದ ಚಿತ್ರ. 1906ರ ಭೂಕಂಪದಲ್ಲಿ ಸುಟ್ಟು ಬಿದ್ದ ಸ್ಯಾನ್ ಫ್ರಾನ್ಸಿಸ್ಕೊವನ್ನು ಜಾರ್ಜ್ ಲಾರೆನ್ಸ್ ಸಾಲು ಗಾಳಿಪಟಗಳಿಗೆ ಇಪ್ಪತ್ತೆರಡು ಕಿಲೊ ತೂಕದ ಕ್ಯಾಮೆರಾ ತೂಗುಹಾಕಿ ತೆಗೆದ. ಜರ್ಮನಿಯಲ್ಲಿ ಔಷಧಿ ಅಂಗಡಿಯ ಯೂಲಿಯುಸ್ ನೊಯ್‌ಬ್ರೋನರ್ ಪಾರಿವಾಳಗಳ ಎದೆಗೆ ಸಣ್ಣ ಕ್ಯಾಮೆರಾ ಕಟ್ಟಿದ; ಅವುಗಳಲ್ಲಿ ಒಂದು ಚಿತ್ರದ ಎರಡೂ ಅಂಚಿಗೆ ಪಾರಿವಾಳದ ರೆಕ್ಕೆಗಳೇ ಬಂದಿವೆ. ಪಕ್ಷಿನೋಟ ಎಂಬ ಮಾತು ಅಕ್ಷರಶಃ ಸಲ್ಲುವುದು ಅದೊಂದಕ್ಕೆ.

ಸಿನಿಮಾದವರು ಮಾತ್ರ ಕ್ಯಾಮೆರಾ ಸಿಕ್ಕ ಮೇಲೂ ಮೇಲಿನ ನೋಟವನ್ನು ಕೈಯಲ್ಲೇ ಕಟ್ಟುತ್ತ ಬಂದರು ಎಂಬುದು ನನಗೆ ಹಿಡಿಸುವ ವಿಷಯ. ಹಿಚ್‌ಕಾಕನ 'ದಿ ಬರ್ಡ್ಸ್' 1963ರಲ್ಲಿ ಬಂತು. ಅದರಲ್ಲಿ ಬೆಂಕಿ ಹತ್ತಿದ ಪೇಟೆಯನ್ನು ಬಹಳ ಎತ್ತರದಿಂದ ನೋಡುವ, ಬೆನ್ನ ಹಿಂದಿನಿಂದ ಕಡಲಕ್ಕಿಗಳು ಒಂದೊಂದಾಗಿ ಚೌಕಟ್ಟಿನೊಳಗೆ ತೇಲಿ ಬರುವ ಒಂದು ದೃಶ್ಯವಿದೆ. ಅಲ್ಲಿ ನಿಜವಾಗಿ ಉರಿದದ್ದು ಒಂದು ವಾಹನ ನಿಲುಗಡೆಯ ಜಾಗದಲ್ಲಿ ಹಚ್ಚಿದ ಬೆಂಕಿ. ಸುತ್ತಲಿನ ಊರನ್ನು ಆಲ್ಬರ್ಟ್ ವಿಟ್ಲಾಕ್ ಬಣ್ಣದಲ್ಲಿ ಬರೆದ. ಹಕ್ಕಿಗಳನ್ನು ಬೇರೆಲ್ಲೋ ಕಡಲ ಬದಿಯ ಬಂಡೆಯ ಮೇಲಿನಿಂದ ಚಿತ್ರಿಸಿ ತಂದು ಸೇರಿಸಿದರು. ಬಾರ್ಬರಿಯ ಆರು ಅಚ್ಚುಗಳ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ. ಈಗ ನಮ್ಮ ಮದುವೆಗಳಲ್ಲಿಯೂ ಡ್ರೋನ್ ಹಾರುತ್ತದೆ, ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲನ್ನೂ ಇನ್ನೊಂದು ಬದಿಗೆ ಸೌಪರ್ಣಿಕೆಯನ್ನೂ ಹಿಡಿದ ಅದೇ ಚಿತ್ರ ದಿನಕ್ಕೊಂದು ಬರುತ್ತದೆ, ಯಾರಿಗೂ ಏನನ್ನೂ ಹೊಂದಿಸುವ ಕಷ್ಟವಿಲ್ಲ.

ಕಷ್ಟವಿಲ್ಲದ್ದರ ಫಲವನ್ನು ಕಂಬಳದಲ್ಲಿ ನೋಡಬೇಕು. ಜೋಡುಕರೆಯ (ಪಕ್ಕಪಕ್ಕದ ಎರಡು ಕೆಸರಿನ ಓಟದಾರಿಗಳ) ಓಟವನ್ನು ಮೇಲಿನಿಂದ ತೆಗೆದ ವಿಡಿಯೋ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಎರಡು ಕಂದು ಪಟ್ಟಿಗಳಲ್ಲಿ ಎರಡು ಜೋಡಿ ಕೋಣಗಳು ಬಿಳಿ ನೊರೆಯ ಬಾಲ ಎಳೆದುಕೊಂಡು ಹೋಗುವುದು ಕಣ್ಣಿಗೆ ಹಬ್ಬವೇ. ಆದರೆ ಕನೆಹಲಗೆಯ ಸ್ಪರ್ಧೆಯನ್ನೂ ಒಬ್ಬರು ಹಾಗೆಯೇ ತೆಗೆದು ಹಾಕಿದ್ದರು. ಕನೆಹಲಗೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಓಡಿಸುವವನು ತೂತಿರುವ ಹಲಗೆಯ ಮೇಲೆ ನಿಂತು, ಆ ತೂತಿನಿಂದ ಚಿಮ್ಮುವ ನೀರು ಕರೆಗೆ ಅಡ್ಡವಾಗಿ ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರವನ್ನೇ ಎಣಿಸುತ್ತಾರೆ. ನೇರ ಮೇಲಿನಿಂದ ತೆಗೆದ ಆ ವಿಡಿಯೋದಲ್ಲಿ ನೀರು ಬಿಳಿ ಹೂವಿನಂತೆ ಅರಳಿ ಕ್ಯಾಮೆರಾದ ಕಡೆಗೇ ಬಂದು ಮಾಯವಾಯಿತು, ನಿಶಾನೆ ಒಂದು ಗೆರೆಯಾಗಿ ಉಳಿಯಿತು, ಮುಟ್ಟಿತೋ ಇಲ್ಲವೋ ದೇವರೇ ಬಲ್ಲ. ಕರೆಯ ಬದಿಯಲ್ಲಿ ಕೆಸರು ಸಿಡಿಸಿಕೊಂಡು ನಿಂತಿದ್ದ ಹುಡುಗರ ಬೊಬ್ಬೆಯಿಂದ ಮುಟ್ಟಿತೆಂದು ಊಹಿಸಿಕೊಂಡೆ.

ಸುರತ್ಕಲ್ಲಿನ ಜಾಗಕ್ಕೆ ಮತ್ತೆ ಹೋದಾಗ ಡ್ರೋನ್ ಇರುವ ಸ್ನೇಹಿತರನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಮೇಸ್ತ್ರಿ ನೀರು ತುಂಬಿದ ಲೆವೆಲ್ ಪೈಪಿನ ಒಂದು ತುದಿ ಹಿಡಿದು ಗಡಿಕಲ್ಲಿನಿಂದ ಗಡಿಕಲ್ಲಿಗೆ ನಡೆದರು, ಇನ್ನೊಂದು ತುದಿಯಲ್ಲಿ ನಾನು ನೀರು ಅಲುಗಾಡುವುದು ನಿಲ್ಲುವವರೆಗೆ ಕಾದು ಗುರುತು ಹಾಕಿದೆ. ಟೇಪಿನ ತುದಿಗೆ ಕಲ್ಲು ಕಟ್ಟಿ ಹೊಂಡಕ್ಕೆ ಇಳಿಬಿಟ್ಟಾಗ ಹದಿನಾಲ್ಕು ಅಡಿ ಸಿಕ್ಕಿತು. ಹೊಸ ನಕ್ಷೆಯಲ್ಲಿ ಮನೆ ಮೂಡುಬದಿಗೆ ಸರಿಯಿತು, ಪ್ಲಾನಿನ ಪಕ್ಕದಲ್ಲಿ ಇಡೀ ಜಾಗವನ್ನು ಕಡಿದು ತೋರಿಸುವ ಒಂದು ಸೆಕ್ಷನ್ ಬಂತು. ಅದರಲ್ಲಿ ಹೊಂಡ ಹೊಂಡವಾಗಿಯೇ ಇದೆ. ದುಬೈಯಿಂದ ಫೋನ್ ಮಾಡಿದವರು ಮೊದಲು ಬೇಸರಿಸಿಕೊಂಡರು, ಆಮೇಲೆ ಹೊಂಡವನ್ನು ಮುಚ್ಚುವುದು ಬೇಡ, ಮಳೆನೀರು ನಿಲ್ಲಲಿ, ಸುತ್ತ ಒಂದು ಕಟ್ಟೆ ಕಟ್ಟಿಸಿ ಎಂದರು. ತುಂಬಿದಾಗ ಹೇಗೆ ಕಾಣುತ್ತದೆಂದು ಒಂದು ಫೋಟೋ ಕಳುಹಿಸಬೇಕಂತೆ, ಸಾಧ್ಯವಾದರೆ ಮೇಲಿನಿಂದ ತೆಗೆದದ್ದು. ಜುಲೈಯಲ್ಲಿ ಕೊಡೆ ಹಿಡಿದುಕೊಂಡು ಹೋಗಿ ಕಟ್ಟೆಯ ಮೇಲೆ ನಿಂತು ತೆಗೆದು ಕಳುಹಿಸುತ್ತೇನೆ ಎಂದು ಹೇಳಿದ್ದೇನೆ.